ಉಪ್ಪು ನೋಡು

ಗುದೈಬಿಯಾದ ಮೂರನೇ ಮಾಳಿಗೆ. ಐದು ಮಂಚ, ಆರು ಜನ,
ಒಬ್ಬನ ಹಾಸಿಗೆ ನೆಲದಲ್ಲಿ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಡುಗೆ ಸರದಿಯ ಚೀಟಿಯಿಂದ
ನನ್ನ ಹೆಸರು ಹೊರಟುಹೋದದ್ದು ಯಾವತ್ತೋ ಗೊತ್ತಿಲ್ಲ,
ಯಾರೂ ಹೇಳಲಿಲ್ಲ.
ಮಂಗಳವಾರ ನನ್ನದೆಂದು ಬಂಗುಡೆ ತಂದೆ.
ಕತ್ತಿ ಹುಡುಕಿದರೆ ಕತ್ತಿಯಿಲ್ಲ,
ಮಗುವಿರುವ ಮನೆಯಲ್ಲಿ ಇಡುವಂತೆ ಮೇಲಿನ ಕಪಾಟಿನಲ್ಲಿ ಇಟ್ಟಿದ್ದರು.
"ನೀವು ಕೂತ್ಕೊಳ್ಳಿ ವಾಮನಣ್ಣ" ಅಂದ ಹೈದ್ರೋಸ್,
ಮೊನ್ನೆಯ ತನಕ ಏಕವಚನದಲ್ಲೇ ನನ್ನನ್ನು ಬಯ್ಯುತ್ತಿದ್ದವ.

ಕಣ್ಣಿನೊಳಗೆ ಒತ್ತಡ, ಆಸ್ಪತ್ರೆಯಲ್ಲಿ ಹೇಳಿದ್ದು.
ಕಾವಲಿಯ ಮೇಲೆ ದೋಸೆಯ ಅಂಚು ಮೊದಲು ಸೀಯುವ ಹಾಗೆ
ಸುತ್ತಲಿಂದ ಕಪ್ಪಾಗುತ್ತ ಬಂತು.
ನಡುವೆ ಉಳಿದದ್ದು ಐವತ್ತು ಫಿಲ್ಸಿನ ನಾಣ್ಯದಷ್ಟು.
ಅದರಲ್ಲಿ ಒಂದು ಮೀಸೆ ಬರುತ್ತದೆ, ಆಮೇಲೆ ಒಂದು ಕಿವಿ,
ಅಂಗಿಯ ಗುಂಡಿ, ಕೊನೆಗೆ ನಗು, ಇದ್ದರೆ.
ಇಷ್ಟನ್ನು ಪೋಣಿಸಿ ನಾನೊಬ್ಬ ಹೈದ್ರೋಸನನ್ನು ಮಾಡಿಕೊಳ್ಳುತ್ತೇನೆ,
ಅವನ ಸಾಲ, ತಂಗಿಯ ಮದುವೆ, ಗೊರಕೆ ಸಮೇತ.
ಅವನಿಗೋ ದೃಷ್ಟಿ ಸರಿಯಾಗಿದೆ.
ನನ್ನಲ್ಲಿ ಅವನಿಗೆ ಕಾಣುವುದು
ಎರಡು ಕಣ್ಣು ಮಾತ್ರ.

ಹನ್ನೊಂದು ವರ್ಷ ಲಾಂಡ್ರಿಯ ವ್ಯಾನು ಓಡಿಸಿದವ ನಾನು.
ಮುಹರಕ್ಕಿನ ಯಾವ ಗಲ್ಲಿಯ ಯಾವ ಮುದುಕನಿಗೆ
ಗಂಜಿ ಎಷ್ಟು ಬೇಕೆಂದು ಈಗಲೂ ಹೇಳಬಲ್ಲೆ.
ಈಗ ಒಳಗೆ ಇಸ್ತ್ರಿ. ತೋಬಿನ ಹೊಲಿಗೆ ಬೆರಳಿಗೆ ಸಿಗುತ್ತದೆ.
ಒಂದು ಕಾಲರು ಸುಟ್ಟೆ.
ಮಾಲೀಕ ಸಂಬಳದಲ್ಲಿ ಮುರಿಯಲಿಲ್ಲ. ಅದೇ ಚುಚ್ಚಿದ್ದು.
ಹಿಂದೆ ವ್ಯಾನಿಗೆ ಗೀರು ಬಿದ್ದಾಗ
ಐದು ದಿನಾರು ಮುರಿದಿದ್ದ, ಗಂಡಸಿನ ಹಾಗೆ ಜಗಳ ಮಾಡಿ.
ಮಾತಿಗೊಮ್ಮೆ "ಶೂಫ್, ಶೂಫ್" ಅನ್ನುವವ
ನನ್ನೆದುರು ಮಾತ್ರ "ಶೂ..." ಎಂದು ನಾಲಿಗೆ ಕಚ್ಚಿಕೊಳ್ಳುತ್ತಾನೆ,
ನೋಡು ಎಂಬ ಮಾತು ಒಡೆದ ಗಾಜು,
ನಾನು ತುಳಿದುಬಿಡುತ್ತೇನೆ ಎಂಬಂತೆ.

ಕೋಣೆಯಲ್ಲೂ ಇಸ್ಪೀಟಿಗೆ ಕರೆಯುವುದಿಲ್ಲ.
ಆಟದಲ್ಲಿ ನಾನು ಮೋಸ ಮಾಡುತ್ತಿದ್ದೆ, ಎಲ್ಲರಿಗೂ ಗೊತ್ತಿತ್ತು.
ಈಗ ಅದನ್ನು ಯಾರೂ ಎತ್ತುವುದಿಲ್ಲ,
ಬದುಕಿರುವಾಗಲೇ ಒಳ್ಳೆಯವನಾಗಿಬಿಟ್ಟಿದ್ದೇನೆ.

ಚಿಂಚೋಳಿ ಕಡೆಯ ಭೀಮಶಾ ಬಂದದ್ದು ಆಗ,
ಟೈಲ್ಸ್ ಕೂಡಿಸುವವ, ನೆಲದ ಹಾಸಿಗೆಗೆ ಹೊಸಬ.
ಮೊದಲ ವಾರವೇ ಫ್ರಿಜ್ಜಿನೆದುರು ನಿಂತ:
"ಆರು ಮಂದಿ ಉಣ್ಲತ್ತೀವಿ, ಚೀಟ್ಯಾಗ ಐದೇ ಹೆಸರು?"
ಯಾರೋ ಪಿಸುಗುಟ್ಟಿದರು.
"ಕಣ್ಣಿಲ್ಲಂದ್ರ ಕೈ ಇಲ್ಲೇನು?
ಬಾಯಂತೂ ಅದ. ನಿನ್ನಿ ನಾಕು ಖುಬ್ಬೂಸ್ ತಿಂದಾನ, ನಾ ಎಣಿಸೀನಿ."

ಏಸಿಯ ಗುರುಗುರು ಬಿಟ್ಟರೆ ಸದ್ದಿಲ್ಲ.
ಸಿಟ್ಟು ಬಂತು ನನಗೆ. ಎಷ್ಟು ದಿನವಾಗಿತ್ತು
ನನಗೆ ಸಿಟ್ಟು ಬಂದು!
"ತಿಂದದ್ದು ಮೂರು" ಅಂದೆ.
"ನಾಕು."
"ಮೂರು. ಸರಿಯಾಗಿ ಎಣಿಸಲು ಕಲಿ ಮೊದಲು."
ಹನ್ನೆರಡರ ತನಕ ಜಗಳ. ಪಕ್ಕದ ಕೋಣೆಯವರು ಗೋಡೆ ಬಡಿದರು.
ಆ ರಾತ್ರಿ ಒಳ್ಳೆಯ ನಿದ್ದೆ.

ಮಂಗಳವಾರ ಕತ್ತಿ ಕೆಳಗಿಳಿಯಿತು.
ಬಂಗುಡೆಯ ಬೆನ್ನೆಲ್ಲಿ, ಹೊಟ್ಟೆಯೆಲ್ಲಿ, ಕೈ ಮರೆತಿರಲಿಲ್ಲ.
ಹುಳಿ ಮುಂದಾಯಿತು. ಹೆಬ್ಬೆರಳು ಸ್ವಲ್ಪ ಕೊಯ್ದಿತು.
ಹೈದ್ರೋಸ್ ಎದ್ದದ್ದು ಕೇಳಿಸಿತು,
ಭೀಮಶಾ ಅವನನ್ನು ಕೂರಿಸಿದ್ದೂ.

ನಾಡಿ ನೋಡುತ್ತಾರೆ, ಕೇಳಿ ನೋಡುತ್ತಾರೆ, ಕಾದು ನೋಡುತ್ತಾರೆ,
ನಮ್ಮ ಮಾತಿನಲ್ಲಿ ನೋಡುವುದು
ಕಣ್ಣೊಂದರದೇ ಸ್ವತ್ತಲ್ಲ.
ಇದೆಲ್ಲ ಆಮೇಲೆ, ಇಸ್ತ್ರಿ ಎಳೆಯುವಾಗ ಹೊಳೆದದ್ದು.

ಆ ಹೊತ್ತಿಗೆ ಆದದ್ದು ಇಷ್ಟೆ:
ಸಾರು ಕೊತಕೊತ ಕುದಿಯುತ್ತಿತ್ತು.
ಪಕ್ಕಕ್ಕೆ ಬಂದ, ಬೆವರು, ಸಿಮೆಂಟಿನ ವಾಸನೆ.
ಸೌಟು ನನ್ನ ಕೈಗೆ ತುರುಕಿ,
ದನಿ ಒಂದಿಷ್ಟೂ ಮೆತ್ತಗೆ ಮಾಡದೆ,
"ಏ ವಾಮ್ಯಾ, ಉಪ್ಪು ನೋಡು" ಅಂದ.

ನೋಡಿದೆ.
ಕಮ್ಮಿಯಿತ್ತು.